ಕೊನೆಯ ರೂಮಿನ ನೆಲ

ತುಮಕೂರಿನ ಬಟವಾಡಿಯ ಆ ನರ್ಸಿಂಗ್ ಹೋಮಿಗೆ ನನ್ನನ್ನು ಸೇರಿಸಿದವಳು ನನ್ನ ಅಕ್ಕ. ಅವಳು ಅಲ್ಲಿ ಆಯಾ ಆಗಿದ್ದಳು. ಹೆರಿಗೆಯಾದವರನ್ನು ನೋಡಿಕೊಳ್ಳುವುದು, ಹಾಸಿಗೆ ಬಟ್ಟೆ ಒಗೆಯುವುದು ಅವಳ ಕೆಲಸ. ನನ್ನದು ನೆಲ ಗುಡಿಸಿ ಒರೆಸುವುದು, ಕಕ್ಕಸು ತೊಳೆಯುವುದು, ಸ್ಟ್ರೆಚರ್ ತಳ್ಳುವುದು. ಆಗ ನನಗೆ ಇಪ್ಪತ್ತೊಂದು ವರ್ಷ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು.

ನಮ್ಮ ಊರು ಗುಬ್ಬಿ. ಅವ್ವ ತೀರಿಕೊಂಡಾಗ ನನಗೆ ಎಂಟು ವರ್ಷ. ಅಪ್ಪ ಬೆಳಗ್ಗೆ ಅಕ್ಕಿ ಗಿರಣಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ನನಗೆ ಉಣ್ಣಲಿಕ್ಕಿದವಳು, ತಲೆಗೆ ನೀರು ಹಾಕಿದವಳು, ಶಾಲೆ ತಪ್ಪಿಸಿ ಕೆರೆಗೆ ಹೋದಾಗ ಹುಣಸೆ ಬರಲಿನಲ್ಲಿ ಬಾರಿಸಿದವಳು ಎಲ್ಲ ಅಕ್ಕನೇ. ಆದರೂ ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟೆ. ಓದಿದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುವ ತಾಳ್ಮೆ ನನಗಿರಲಿಲ್ಲ. ಅಕ್ಕನ ಮದುವೆಯಾಯಿತು. ಭಾವನ ಮನೆ ಕುಣಿಗಲ್. ಆದರೆ ಭಾವ ಕ್ಯಾತ್ಸಂದ್ರದಲ್ಲಿ ಹೈವೇ ಪಕ್ಕದ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದರು. ಅದಕ್ಕೆ ಇಬ್ಬರೂ ಅಲ್ಲೇ ಒಂದು ಬಾಡಿಗೆ ಮನೆ ಮಾಡಿಕೊಂಡಿದ್ದರು. ಅಪ್ಪನೂ ಹೋದ ಮೇಲೆ ನಾನು ಅವರ ಜೊತೆ ಬಂದು ಸೇರಿಕೊಂಡೆ.

ನರ್ಸಿಂಗ್ ಹೋಮಿನ ಹಿಂಭಾಗದಲ್ಲಿ ಒಂದು ರೂಮಿತ್ತು. ನಾವೆಲ್ಲ ಅದನ್ನು ಕೊನೆಯ ರೂಮು ಎನ್ನುತ್ತಿದ್ದೆವು. ಬೆಂಗಳೂರಿನಲ್ಲಿ ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುತ್ತಿದ್ದ ಕೆಲವರು ಪ್ರತಿ ಸಲ ಅಷ್ಟು ದೂರ ಹೋಗಲಾರದೆ ನಮ್ಮಲ್ಲಿಗೆ ಬರುತ್ತಿದ್ದರು. ಅಲ್ಲಿನ ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ನನ್ನು ಇಲ್ಲಿ ಕೊಡಿಸಿಕೊಳ್ಳುತ್ತಿದ್ದರು. ವಾರಕ್ಕೆ ಇಬ್ಬರೋ ಮೂವರೋ. ಅದನ್ನು ಕೊಡುವುದಕ್ಕೆಂದೇ ಒಬ್ಬರು ಸಿಸ್ಟರು ಬಂದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಇದೇ ಕೆಲಸ ಕಲಿತು ಬಂದವರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮಾತು ಕಮ್ಮಿ. ನನಗೆ ಮೊದಲ ದಿನವೇ ಅವರನ್ನು ಕಂಡರೆ ಆಗಲಿಲ್ಲ. ಯಾಕೆಂದರೆ ಬಂದವರೇ ನನ್ನ ಕೈಯಿಂದ ಪೊರಕೆ ಕಿತ್ತುಕೊಂಡರು.

"ಈ ರೂಮಿಗೆ ಪೊರಕೆ ತರ್ಬಾರ್ದು ಕಣಪ್ಪ."

"ಪೊರಕೆ ಇಲ್ದೆ ಕಸ ಎಂಗ್ ಗುಡಿಸೋದು ಸಿಸ್ಟರ್? ಬಾಯಲ್ಲಿ ಊದ್ಲಾ?"

"ಗುಡಿಸೋ ಹಂಗೇ ಇಲ್ಲ ಇಲ್ಲಿ. ಒದ್ದೆ ಬಟ್ಟೇಲಿ ಒರೆಸ್ಬೇಕು. ಗುಡಿಸಿದ್ರೆ ಪುಡಿ ಮೇಲಕ್ಕೆದ್ದು ನಿನ್ ಮೂಗಿಗೇ ಹೋಗುತ್ತೆ."

ಅಲ್ಲಿಗೆ ಮುಗಿಯಲಿಲ್ಲ. ಕೈಗೆ ಗ್ಲೌಸು ಹಾಕಬೇಕು, ಅದೂ ಒಂದರ ಮೇಲೊಂದು. ಮೂಗಿಗೆ ಬಟ್ಟೆ ಕಟ್ಟಬೇಕು. ಔಷಧಿ ಕಲೆಸುವ ಮೇಜಿನ ಹತ್ತಿರ ಮೊದಲು ಹೋಗಬಾರದು. ಬಾಗಿಲ ಕಡೆಯಿಂದ ಒರೆಸುತ್ತಾ ಬಂದು ಮೇಜನ್ನು ಕೊನೆಗೆ ಮುಟ್ಟಬೇಕು. ಒಂದು ಸಲ ಒರೆಸಿದ ಬಟ್ಟೆಯನ್ನು ಮತ್ತೆ ಬಕೆಟ್ಟಿಗೆ ಅದ್ದಬಾರದು, ಇನ್ನೊಂದು ತೆಗೆದುಕೊಳ್ಳಬೇಕು. ಮೊದಲು ಸೋಪಿನ ನೀರು, ಆಮೇಲೆ ಬರೀ ನೀರು, ಬೇಕಾದರೆ ಕೊನೆಗೆ ಫಿನಾಯಿಲು. ಒರೆಸಿದ ಬಟ್ಟೆಗಳೆಲ್ಲ ಮೂಲೆಯಲ್ಲಿಟ್ಟ ಮುಚ್ಚಳದ ಡಬ್ಬಕ್ಕೆ ಹೋಗಬೇಕು. ಆ ಡಬ್ಬ ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗುವ ಗಾಡಿಯಲ್ಲಿ ಹೋಗುತ್ತಿತ್ತು. ಅಲ್ಲಿ ಸುಡುತ್ತಿದ್ದರಂತೆ.

ನಾನು ಆ ರೂಮನ್ನು ಐದು ನಿಮಿಷದಲ್ಲಿ ಮುಗಿಸುತ್ತಿದ್ದವನು. ಈಗ ಮುಕ್ಕಾಲು ಗಂಟೆ. ನನಗೆ ಪಿತ್ತ ನೆತ್ತಿಗೇರಿತು.

ಕಾಂಪೌಂಡರಿಗೆ, ಅಕ್ಕನಿಗೆ, ಗೇಟಿನ ಹತ್ತಿರ ಕೂರುವ ವಾಚ್‌ಮನ್ನನಿಗೆ ಎಲ್ಲರಿಗೂ ಹೇಳಿಕೊಂಡು ನಕ್ಕೆ. "ಬಂದವ್ರೆ ನೋಡ್ರಪ್ಪ ಮಡಿ ಸಿಸ್ಟರಮ್ಮ. ಅದ್ ಮುಟ್ಬೇಡ, ಇದ್ ಮುಟ್ಬೇಡ, ಒಂದ್ಸಲ ಮುಟ್ಟಿದ್ ಇನ್ನೊಂದ್ಸಲ ಮುಟ್ಬೇಡ." ನಮಗೆ ಅದು ಹಾಗೇ ಕಂಡಿತು. ಮೈಲಿಗೆ ಎಂದರೆ ನಮಗೆ ಗೊತ್ತು, ನೀರು ಬಿದ್ದರೆ ಹೋಗುತ್ತದೆ. ಗಲೀಜು ಎಂದರೂ ಗೊತ್ತು, ಫಿನಾಯಿಲು ಹಾಕಿದರೆ ಹೋಗುತ್ತದೆ. ಎಲ್ಲಾ ರೂಮಿನಲ್ಲೂ ಹೀಗೇ ತಾನೆ? ಕೀವು, ರಕ್ತ, ವಾಂತಿ ಎಲ್ಲಕ್ಕೂ ಒಂದು ಮುಚ್ಚಳ ಫಿನಾಯಿಲು. ಇದೊಂದು ಔಷಧಿಗೆ ಇಷ್ಟು ಯಾಕೆ? ರೋಗ ವಾಸಿ ಮಾಡುವ ಔಷಧಿ ನೆಲ ಒರೆಸುವವನಿಗೆ ಏನು ಮಾಡುತ್ತದೆ?

ಸಿಸ್ಟರು ಮೊದಲ ವಾರವೇ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಇನ್ನೊಂದು ಮಾತು ಹೇಳಿದ್ದರು. "ಬಸುರಿ ಹೆಂಗಸ್ರು ಈ ರೂಮಿಗೆ ಕಾಲಿಡ್ಬಾರ್ದು. ಇಲ್ಲಿನ ಬಟ್ಟೆ ಮುಟ್ಟಬಾರ್ದು. ಅಂಥದ್ದೇನಾದ್ರೂ ಇದ್ರೆ ನನಗೆ ಹೇಳಿ. ನಾಚ್ಕೆ ಪಡ್ಬೇಡಿ." ಆಗ ಅಂಥವರು ಯಾರೂ ಇರಲಿಲ್ಲ.

ಸಿಸ್ಟರು ನೋಡುವಾಗ ಅವರು ಹೇಳಿದಂತೆ ಮಾಡುತ್ತಿದ್ದೆ. ಅವರು ಊಟಕ್ಕೆ ಹೋದಾಗ ನನ್ನಂತೆ ಮಾಡುತ್ತಿದ್ದೆ. ಮುಖ್ಯವಾಗಿ ಆ ಬಟ್ಟೆಗಳನ್ನು ಬಿಸಾಕಲು ನನಗೆ ಮನಸ್ಸು ಬರಲಿಲ್ಲ. ಹಳೆಯ ಬೆಡ್‌ಶೀಟು ಹರಿದು ಮಾಡಿದ ಒಳ್ಳೇ ಕಾಟನ್ ತುಂಡುಗಳು. ಒಂದು ಸಲ ನೆಲ ಮುಟ್ಟಿಸಿ ಡಬ್ಬಕ್ಕೆ ಹಾಕು ಎಂದರೆ ಹೇಗೆ? ನಾಲ್ಕು ಬಿಸಾಕಿ ಆರು ಉಳಿಸಿಕೊಳ್ಳುತ್ತಿದ್ದೆ. ಉಳಿದವನ್ನು ಅಕ್ಕ ಒಗೆಯುವ ತೊಟ್ಟಿಗೆ ಎಸೆಯುತ್ತಿದ್ದೆ. ಅಕ್ಕ ಮಿಕ್ಕ ಬಟ್ಟೆ ಜೊತೆ ಅದನ್ನೂ ಸೋಡಾ ಹಾಕಿ ಬರಿಗೈಯಲ್ಲಿ ಉಜ್ಜಿ ಒಣಗಿಸಿ ಕೊಡುತ್ತಿದ್ದಳು. ಅದು ಯಾವ ರೂಮಿನದು ಎಂದು ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ. ಇದು ಸುಮಾರು ಮೂರು ನಾಲ್ಕು ತಿಂಗಳು ನಡೆಯಿತು.

ದಸರಾ ಹತ್ತಿರ ಬಂದಾಗ ಒಂದು ಬೆಳಗ್ಗೆ ಅಕ್ಕ ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದಳು. ಭಾವ ಆಗಲೇ ಹೋಟೆಲಿಗೆ ಹೋಗಿದ್ದರು. ನಾನು ನೀರು ಕೊಟ್ಟೆ. ಅವಳು ಬಾಯಿ ಮುಕ್ಕಳಿಸಿ ನನ್ನ ಮುಖ ನೋಡಿ ನಕ್ಕಳು. ಆ ನಗು ನನಗೆ ಅರ್ಥವಾಯಿತು.

"ನಿಜವೇನಕ್ಕಾ?"

"ಅಂಗಂತ ಕಾಣ್ತದೆ. ಎರಡ್ ತಿಂಗಳ ಮೇಲಾಯ್ತು. ಬಾಯಿ ಬಿಟ್ಟೀಯ ಕಣ್ಲಾ, ನಿನ್ ಹಲ್ಲುದುರಿಸ್ಬುಡ್ತೀನಿ."

"ಭಾವಂಗೆ?"

"ಅವ್ರಿಗೆ ಗೊತ್ತು. ನಿಂಗೆ ಈಗ ಗೊತ್ತಾಯ್ತು. ಇನ್ನೊಂದ್ ನರಪಿಳ್ಳೆಗೂ ಗೊತ್ತಾಗ್ಬಾರ್ದು. ಮೂರ್ ತಿಂಗ್ಳು ತುಂಬ್ಲಿ."

ಮೂರು ತಿಂಗಳು ತುಂಬುವವರೆಗೆ ಹೇಳಬಾರದು ಎನ್ನುವುದು ನಮ್ಮ ಕಡೆ ಎಲ್ಲರೂ ಪಾಲಿಸುವುದೇ. ಕಣ್ಣು ಬೀಳುತ್ತದೆ ಎನ್ನುತ್ತಾರೆ. ಆದರೆ ಅಕ್ಕನಿಗೆ ಅದಕ್ಕಿಂತ ದೊಡ್ಡ ಕಾರಣ ಇತ್ತು. ಮದುವೆಯಾಗಿ ಆರು ವರ್ಷ ಮಕ್ಕಳಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಸಲ ಮುಟ್ಟು ನಿಂತಿತ್ತು. ಅತ್ತೆಗೆ ಹೇಳಿದ್ದಳು. ಅತ್ತೆ ಕುಣಿಗಲ್ಲಿನ ತಮ್ಮ ಬೀದಿಗೆಲ್ಲ ಹೇಳಿ ಸಕ್ಕರೆ ಹಂಚಿಬಿಟ್ಟರು. ಹದಿನೈದು ದಿನಕ್ಕೆ ಅದು ಏನೂ ಅಲ್ಲ ಎಂದು ಗೊತ್ತಾಯಿತು. ಆಮೇಲೆ ಆ ಬೀದಿಯಲ್ಲಿ ನಡೆಯಲು ಅಕ್ಕನಿಗೆ ಆಗುತ್ತಿರಲಿಲ್ಲ. ನೀರು ಸೇದಲು ಹೋದರೆ ಹೆಂಗಸರು ಅವಳ ಹೊಟ್ಟೆ ನೋಡಿ, ಆಮೇಲೆ ಮುಖ ನೋಡುತ್ತಿದ್ದರಂತೆ. ಈ ಸಲ ಅತ್ತೆಗೂ ಹೇಳುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. "ಹಬ್ಬ ಮುಗೀಲಿ, ನಮ್ ಡಾಕ್ಟ್ರಿಗೆ ತೋರಿಸಿ ಖಾತ್ರಿ ಮಾಡ್ಕಂಡು ಆಮ್ಯಾಕೆ ಹೇಳ್ತೀನಿ" ಎಂದಳು.

ಆ ಒಂದು ವಾರ ಅವಳು ಹೇಗಿದ್ದಳು ಎಂದರೆ, ನಾನು ನಾಲ್ಕು ದೋಸೆ ತಿಂದರೆ ಐದನೆಯದು ಹಾಕುತ್ತಿದ್ದಳು, ಬೈಯದೆ.

ಸಿಸ್ಟರಿಗೆ ಕಣ್ಣು ಚುರುಕು. ಅಕ್ಕ ಬಟ್ಟೆ ಒಗೆಯುತ್ತಾ ಎರಡು ಸಲ ಎದ್ದು ಹಿತ್ತಲಿಗೆ ಹೋದದ್ದನ್ನು ನೋಡಿದ್ದರು. ನನ್ನನ್ನು ವರಾಂಡದಲ್ಲಿ ನಿಲ್ಲಿಸಿದರು.

"ನಿಮ್ಮಕ್ಕ ಯಾಕೋ ಸಪ್ಪಗಿದಾಳೆ. ಏನಾದ್ರೂ ವಿಶೇಷನಾ?"

"ಏನೂ ಇಲ್ಲ ಸಿಸ್ಟರ್. ಪಿತ್ತ."

"ಖಂಡಿತನಾ? ಇದ್ರೆ ಹೇಳು. ಬೇರೆ ಕಡೆ ಕೆಲಸಕ್ಕೆ ಹಾಕಿಸ್ತೀನಿ, ಅಷ್ಟೇ. ಯಾರಿಗೂ ಹೇಳಲ್ಲ ನಾನು."

"ಪಿತ್ತ ಸಿಸ್ಟರ್. ಬೆಳಗ್ಗೆ ಬರೀ ಟೀ ಕುಡ್ದು ಬರ್ತಾಳೆ."

ಅವರು ಒಂದು ಗಳಿಗೆ ನನ್ನನ್ನೇ ನೋಡಿ ಹೋದರು. ಅಕ್ಕನಿಗೆ ಕೊಟ್ಟ ಮಾತು ಉಳಿಸಿದೆ ಎಂದು ನನಗೆ ಖುಷಿಯಾಯಿತು. ಇವತ್ತಿಗೂ ಆ ವರಾಂಡದಲ್ಲಿ ನಿಂತರೆ ನನಗೆ ನಾಚಿಕೆಯಾಗುತ್ತದೆ. ಒಂದು ಹೂಂ ಅಂದಿದ್ದರೆ ಸಾಕಿತ್ತು.

ಆಯುಧಪೂಜೆಗೆ ಎರಡು ದಿನ ಮುಂಚೆ ನರ್ಸಿಂಗ್ ಹೋಮನ್ನು ಪೂರ್ತಿ ತೊಳೆಯುವುದು ವಾಡಿಕೆ. ಮಂಚ, ಬೀರು, ಮೇಜು ಎಲ್ಲ ಎಳೆದು ಹಿಂದೆ ಮುಂದೆ ತೊಳೆದು, ಆಪರೇಷನ್ ಕತ್ತರಿಗಳಿಂದ ಹಿಡಿದು ಜೀಪಿನವರೆಗೆ ಎಲ್ಲಕ್ಕೂ ಕುಂಕುಮ ಇಡುತ್ತಿದ್ದರು. ಆವತ್ತು ಮಧ್ಯಾಹ್ನದ ಬಸ್ಸಿಗೆ ಅಕ್ಕ, ಭಾವ, ನಾನು ಮೂವರೂ ಕುಣಿಗಲ್ಲಿಗೆ ಹೋಗುವುದಿತ್ತು. ಸಿಸ್ಟರು ಹಿಂದಿನ ದಿನವೇ ರಜೆ ಮೇಲೆ ತಮ್ಮ ಊರಿಗೆ ಹೋಗಿದ್ದರು. ಹೋಗುವಾಗ ನನಗೆ ಹೇಳಿದ್ದರು: "ಕೊನೆಯ ರೂಮು ಹಂಗೇ ಇರ್ಲಿ. ಬೀರು ಮುಟ್ಬೇಡ. ನಾನ್ ಬಂದ್ಮೇಲೆ ಇಬ್ಬರೂ ಸೇರಿ ಮಾಡೋಣ."

ಹಾಗೇ ಬಿಡಬಹುದಿತ್ತು. ಆದರೆ ಡಾಕ್ಟರು ಸುತ್ತು ಹಾಕುವಾಗ, "ಇದೊಂದ್ ರೂಮು ಯಾಕಯ್ಯ ಹಿಂಗಿದೆ? ಪೂಜೆಗೆ ಬಾಗಿಲು ಮುಚ್ಚಿಡ್ತೀಯಾ?" ಎಂದರು. ನಾನು ಸಿಸ್ಟರು ಹೇಳಿದ್ದನ್ನು ಹೇಳಬೇಕಿತ್ತು. ಹೇಳಿದ್ದರೆ ಅವರು ಕೇಳುತ್ತಿದ್ದರು. ಆದರೆ ವಾದ ಮಾಡುವುದಕ್ಕಿಂತ ತೊಳೆದು ಮುಗಿಸುವುದು ಬೇಗ ಅನ್ನಿಸಿತು. "ಈಗ ಮಾಡ್ತೀನಿ ಸಾರ್" ಎಂದೆ.

ಬೀರನ್ನು ಗೋಡೆಯಿಂದ ಎಳೆದೆ. ಅದರ ಒಂದು ಕಾಲು ಮುಂಚೆಯೇ ಸೊಟ್ಟ. ಓಲಾಡಿತು. ಬಾಗಿಲು ತೆರೆದುಕೊಂಡು ಮೇಲಿನ ಅರೆಯಿಂದ ಆ ಇಂಜೆಕ್ಷನ್ನಿನ ಎರಡು ಸಣ್ಣ ಬಾಟಲಿ ಉರುಳಿದವು. ಒಂದನ್ನು ಹಿಡಿದುಕೊಂಡೆ. ಇನ್ನೊಂದು ನೆಲಕ್ಕೆ ಬಿದ್ದು ಚೂರಾಯಿತು. ಒಳಗಿದ್ದದ್ದು ಬಿಳಿ ಪುಡಿ. ಮೇಜಿನ ಕೆಳಗಿನವರೆಗೂ ಚೆಲ್ಲಿತು.

ನಾನು ಸುಮ್ಮನೆ ಹೋಗಿ ವರಾಂಡದಿಂದ ಪೊರಕೆ ತಂದೆ. ಗ್ಲೌಸು ಹಾಕಲಿಲ್ಲ. ಗಂಟೆ ಹನ್ನೆರಡೂವರೆ ಆಗಿತ್ತು. ಎರಡು ಸಲ ಗುಡಿಸುವಷ್ಟರಲ್ಲಿ ಕಿಟಕಿಯಿಂದ ಬರುವ ಬಿಸಿಲಿನಲ್ಲಿ ಪುಡಿ ಹೊಗೆಯ ಹಾಗೆ ಏಳುವುದು ಕಾಣಿಸಿತು. ಅಷ್ಟರಲ್ಲಿ ಅಕ್ಕ ಬಂದಳು. ಸೀರೆ ಎತ್ತಿ ಸಿಕ್ಕಿಸಿಕೊಂಡಿದ್ದಳು.

"ಏನ್ಲಾ ಇನ್ನೂ ಮುಗಿದಿಲ್ವಾ? ಬಸ್ಸು ಹೊಂಟೋಯ್ತದೆ. ನಿಮ್ ಭಾವ ಸ್ಟ್ಯಾಂಡಲ್ಲಿ ಕಾಯ್ತಾ ಅವ್ರೆ."

"ಬಾಟ್ಲು ಒಡೆದೋಯ್ತು ಕಣಕ್ಕ. ನೀನ್ ಒಳಕ್ಕೆ ಬರ್ಬೇಡ."

"ಯಾಕ್ ಬರ್ಬಾರ್ದು? ನಿನ್ನೇ ಗುಡಿಸಕ್ಕೆ ಬುಟ್ರೆ ಸಂಜೆ ಮಾಡ್ತೀಯ. ಕೊಡಿಲ್ಲಿ."

"ಬ್ಯಾಡ ಕಣಕ್ಕ, ಸಿಸ್ಟರು..."

"ಥೂ, ನಿನ್ ಸಿಸ್ಟರಮ್ಮನ ಮಡಿ ನನ್ ತಾವ ಹೇಳ್ಬೇಡ ಬುಡು. ನೀನೇ ತಾನೆ ದಿನಾ ಆಡ್ಕಂಡು ನಗ್ತಿದ್ದೋನು?"

ಆಡಿಕೊಂಡು ನಕ್ಕವನು ನಾನೇ. ಅವಳಿಗೆ ನಾನು ಸಿಸ್ಟರ ಮಾತನ್ನು ಯಾವತ್ತೂ ತಮಾಷೆಯಾಗಿ ಅಲ್ಲದೆ ಬೇರೆ ರೀತಿ ಹೇಳಿರಲಿಲ್ಲ. ಬಸುರಿಯರು ಬರಬಾರದು ಎಂದು ಸಿಸ್ಟರು ಹೇಳಿದ ದಿನ ಅಕ್ಕ ಅಲ್ಲೇ ಇದ್ದಳು, ಆದರೆ ಅದೂ ಅವಳಿಗೆ ಮುಟ್ಟಾದವರು ದೇವರ ಮನೆಗೆ ಬರಬಾರದು ಎನ್ನುವ ಹಾಗೆ ಕೇಳಿಸಿರಬೇಕು. ರೂಮಿಗೆ ಮೈಲಿಗೆ ಎಂದು ತಿಳಿದಿದ್ದಳೇ ಹೊರತು ತನಗೆ ಕೇಡು ಎಂದು ತಿಳಿದಿರಲಿಲ್ಲ. ಅವಳು ಪೊರಕೆ ಕಿತ್ತುಕೊಂಡು ಗುಡಿಸಿದಳು. ನಾನು ಒಂದು ಬಕೆಟ್ ಬಿಸಿನೀರಿಗೆ ಎರಡು ಮುಚ್ಚಳದ ಬದಲು ಅರ್ಧ ಬಾಟಲಿ ಫಿನಾಯಿಲು ಸುರಿದೆ. ಇಷ್ಟು ಹಾಕಿದರೆ ಎಂಥದ್ದಿದ್ದರೂ ಸತ್ತುಹೋಗುತ್ತದೆ ಎಂದುಕೊಂಡೆ. ಅಕ್ಕನಿಗಾಗಿಯೇ ಅಷ್ಟು ಹಾಕಿದೆ, ಆ ಮಾತು ನಿಜ. ಅವಳು ಮಂಡಿಯೂರಿ ಕೂತು ಬರಿಗೈಯಲ್ಲಿ ಬಟ್ಟೆ ಅದ್ದಿ ಅದ್ದಿ ಮೇಜು, ಮೇಜಿನ ಕೆಳಗೆ, ಬೀರಿನ ಹಿಂದೆ ಎಲ್ಲ ಒರೆಸಿದಳು. ಕೊನೆಗೆ ಬಟ್ಟೆಯನ್ನು ಒಗೆಯುವ ತೊಟ್ಟಿಗೆ ಎಸೆದು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಕಾಲು ಗಂಟೆಯ ಕೆಲಸ. ಬೀರಿಗೆ ಕುಂಕುಮ ಇಟ್ಟು ಬಾಗಿಲು ಹಾಕಿದೆವು.

ಬಸ್ಸಿನಲ್ಲಿ ಹಿಂದಿನ ಸೀಟು ಮಾತ್ರ ಖಾಲಿಯಿತ್ತು.

ಹಬ್ಬ ಚೆನ್ನಾಗಿಯೇ ಆಯಿತು. ಅತ್ತೆ ಒಬ್ಬಟ್ಟು ಮಾಡಿದ್ದರು. ಅಕ್ಕ ಎರಡು ತಿಂದು ಮೂರನೆಯದನ್ನು ಮುರಿದು ನನ್ನ ಎಲೆಗೆ ಹಾಕಿದಳು. ವಿಜಯದಶಮಿಯ ಮಾರನೇ ದಿನ ಬೆಳಗ್ಗೆ ಅವಳು ಹಿತ್ತಲಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದಳು. ನಾನು ಹಲ್ಲುಜ್ಜುತ್ತಿದ್ದೆ. "ಅತ್ತೇನ ಕರಿ" ಎಂದಳು. ಅವಳ ಕಾಲ ಬಳಿ ನೆಲದ ಮೇಲೆ ರಕ್ತ ಇತ್ತು. ಕುಣಿಗಲ್ ಆಸ್ಪತ್ರೆಗೆ ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೋದೆವು. ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಮುಗಿದಿತ್ತು. ಡಾಕ್ಟರಮ್ಮ ಹೊರಗೆ ಬಂದು, ಬಸಿರು ನಿಲ್ಲಲಿಲ್ಲ, ಒಂದೊಂದು ಸಲ ಹೀಗೆ ಆಗುತ್ತದೆ, ಇದಕ್ಕೆ ಇದೇ ಕಾರಣ ಎಂದು ಹೇಳಲಾಗುವುದಿಲ್ಲ ಎಂದರು.

ಅತ್ತೆಗೆ ಸೊಸೆ ಬಸುರಿಯಾಗಿದ್ದಳೆಂದು ಗೊತ್ತಾದದ್ದು, ಅದು ಹೋದ ಮೇಲೆ. ಆಸ್ಪತ್ರೆಯ ವರಾಂಡದಲ್ಲೇ ಕೂತು ಅತ್ತರು. ಆ ಅಳು ಸುಳ್ಳಲ್ಲ. ಆಮೇಲೆ ಮನೆಗೆ ಬಂದು ಅಕ್ಕನಿಗೆ ಬಾಣಂತಿಗೆ ಮಾಡುವ ಹಾಗೆ ಮೆಣಸಿನ ಸಾರು ಮಾಡಿ ಬಡಿಸಿದರು. ಬಡಿಸುತ್ತಲೇ ಶುರು ಮಾಡಿದರು.

"ಹಿಂದ್ಗಡೆ ಸೀಟಲ್ಲಿ ಕುಕ್ಕುಸ್ಕಂಡು ಬಂದವ್ಳೆ ನೋಡು. ಬಸುರಿ ಕುಂತ್ಕಳೋ ಜಾಗವೇನೆ ಅದು? ನಂಗೊಂದ್ ಮಾತ್ ಹೇಳಿದ್ರೆ ಬರಲೇಬ್ಯಾಡ ಅಂತಿದ್ದೆ. ಮುಚ್ಚಿಟ್ಟು ಮುಚ್ಚಿಟ್ಟು ಮಣ್ಣುಪಾಲು ಮಾಡಿದ್ಯಲ್ಲೇ."

ಅಕ್ಕ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಭಾವ ಎದ್ದು ಹೊರಗೆ ಹೋದರು. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದೆ. ಬಸ್ಸಲ್ಲ, ಆ ಪುಡಿ ಇರಬಹುದು ಎಂದು ಹೇಳಬೇಕು ಅನ್ನಿಸಿತು. ಹೇಳಿದರೆ, ನೀನು ಯಾಕೆ ಬಿಟ್ಟೆ ಎಂದು ಕೇಳುತ್ತಾರೆ. ನಾನು ಹೇಳಲಿಲ್ಲ.

ಅತ್ತೆ ಅಕ್ಕನನ್ನು ವಾಪಸು ಕಳಿಸಲಿಲ್ಲ. ಇನ್ನು ಕೆಲಸ ಬೇಡ, ನನ್ನ ಕಣ್ಣ ಮುಂದೆ ಇರಲಿ ಎಂದರು. ಅಕ್ಕ ಒಪ್ಪಿಕೊಂಡಳು. ತಪ್ಪು ಮಾಡಿದವಳು ತಾನು ಎಂದೇ ಅವಳಿಗೆ ಖಾತ್ರಿಯಾಗಿತ್ತು. ಭಾವ ಹದಿನೈದು ದಿನಕ್ಕೊಮ್ಮೆ ಕುಣಿಗಲ್ಲಿಗೆ ಹೋಗಿ ಬರುತ್ತಿದ್ದರು. ಕ್ಯಾತ್ಸಂದ್ರದ ಮನೆಯಲ್ಲಿ ನಾವಿಬ್ಬರೇ ಗಂಡಸರು. ಅನ್ನ ಅವರು ಮಾಡುತ್ತಿದ್ದರು, ಪಾತ್ರೆ ನಾನು ತೊಳೆಯುತ್ತಿದ್ದೆ.

ಹಬ್ಬ ಮುಗಿದು ಸಿಸ್ಟರು ಬಂದ ದಿನವೇ ಬಾಟಲಿ ಲೆಕ್ಕ ಸಿಗಲಿಲ್ಲ. ನನ್ನನ್ನು ಕರೆದರು. ಒಡೆದದ್ದನ್ನು ಒಪ್ಪಿಕೊಂಡೆ.

"ಏನ್ ಮಾಡ್ದೆ?"

"ಗುಡಿಸಿ, ಫಿನಾಯಿಲ್ ಹಾಕಿ ಒರೆಸ್ದೆ ಸಿಸ್ಟರ್. ಅರ್ಧ ಬಾಟ್ಲು ಹಾಕ್ದೆ. ಏನೂ ಉಳಿದಿರಲ್ಲ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟರು.

"ಫಿನಾಯಿಲು ಹುಳಾನ ಸಾಯ್ಸುತ್ತೆ ಕಣೋ. ಇದು ಹುಳ ಅಲ್ಲ, ಔಷಧಿ. ಇದಕ್ಕೆ ಜೀವ ಎಲ್ಲಿದೆ ಸಾಯೋಕೆ? ಬೆಳೆಯೋದನ್ನ ಬೆಳೀದಂಗೆ ಮಾಡೋದೇ ಇದರ ಕೆಲಸ. ಗಡ್ಡೆನೂ ಬೆಳೆಯುತ್ತೆ, ಕೂದಲೂ ಬೆಳೆಯುತ್ತೆ, ಹೊಟ್ಟೇಲಿರೋ ಮಗೂನೂ ಬೆಳೆಯುತ್ತೆ. ಅದಕ್ಕೆ ಯಾವುದು ಏನು ಅಂತ ಗೊತ್ತಾಗಲ್ಲ. ಅದನ್ನ ಸೋಪು ನೀರಲ್ಲಿ ಒರೆಸಿ ಆ ಬಟ್ಟೆ ಸಮೇತ ಆಚೆ ಸಾಗಿಸ್ಬೇಕು. ನೀನು ಅದನ್ನ ನೀರಲ್ಲಿ ಕಲೆಸಿ ರೂಮೆಲ್ಲ ಬಳಿದಿದೀಯ."

ಮೊದಲ ದಿನವೇ ಹೀಗೆ ಬಿಡಿಸಿ ಹೇಳಿದ್ದರೆ ಎಂದು ಆಗ ಅವರ ಮೇಲೆ ಸಿಟ್ಟು ಬಂತು. ಆಮೇಲೆ ನೆನಪಾಯಿತು, ಮೊದಲ ವಾರ ಅವರು ಹೇಳಲು ಬಂದಾಗ, "ಗೊತ್ತಾಯ್ತು ಬುಡಿ ಸಿಸ್ಟರ್, ಪುರಾಣ ಬ್ಯಾಡ" ಎಂದು ಎದ್ದು ಹೋಗಿದ್ದೆ.

"ನೀನೊಬ್ಬನೇ ಇದ್ಯಾ?" ಎಂದು ಕೇಳಿದರು.

"ನಾನೊಬ್ನೇ."

"ಆ ಬಟ್ಟೆ?"

"ಡಬ್ಬಕ್ಕೆ ಹಾಕ್ದೆ."

ಎರಡೂ ಸುಳ್ಳು. ಅಕ್ಕನಿಗೆ ಹೀಗಾಯಿತೆಂದು ನಾಲ್ಕು ದಿನಕ್ಕೆ ಎಲ್ಲರಿಗೂ ತಿಳಿಯಿತು. ಸಿಸ್ಟರು ನನ್ನ ಹತ್ತಿರ ಬಂದು, "ಪಿತ್ತ ಅಂದ್ಯಲ್ಲೋ" ಎಂದರು. ಅಷ್ಟೇ. ಆಮೇಲೆ ಅವರು ನನಗೆ ಕೆಲಸ ಕಲಿಸಿದರು. ಈ ಸಲ ನಾನು ಕಲಿತೆ. ಗ್ಲೌಸು ಬಿಚ್ಚುವಾಗ ಹೊರಮೈ ಕೈಗೆ ತಾಗದಂತೆ ಒಳಹೊರಗು ಮಾಡಿ ಬಿಚ್ಚುವುದನ್ನು ಇಪ್ಪತ್ತು ಸಲ ಮಾಡಿಸಿದರು. ಪುಡಿ ಚೆಲ್ಲಿದರೆ ಮೊದಲು ಮೇಲೆ ಒದ್ದೆ ಬಟ್ಟೆ ಹೊದಿಸಬೇಕು. ದ್ರವ ಚೆಲ್ಲಿದರೆ ಒಣಬಟ್ಟೆ ಹಾಕಿ ಹೀರಿಸಬೇಕು. ಗಾಜನ್ನು ಕೈಯಲ್ಲಿ ಹೆಕ್ಕಬಾರದು, ರಟ್ಟಿನಲ್ಲಿ ಎತ್ತಬೇಕು. ಅಂಚಿನಿಂದ ಒಳಕ್ಕೆ ಒರೆಸಬೇಕು, ಒಳಗಿನಿಂದ ಹೊರಕ್ಕಲ್ಲ. ಎಲ್ಲ ಸಣ್ಣ ಸಣ್ಣ ಸಂಗತಿ. ಒಂದೂ ಕಷ್ಟದ್ದಲ್ಲ. ನನ್ನ ಮುಕ್ಕಾಲು ಗಂಟೆ ಕೇಳುತ್ತಿದ್ದವು, ಅಷ್ಟೇ.

ಒಂದು ವರ್ಷವಾದ ಮೇಲೆ ಸಿಸ್ಟರು ಕೆಲಸ ಬಿಟ್ಟು ಹೊರಟರು. ಅವರ ಟ್ರಂಕನ್ನು ಸ್ಟೇಷನ್ನಿಗೆ ಹೊತ್ತುಕೊಂಡು ಹೋದವನು ನಾನು. ಪ್ಲಾಟ್‌ಫಾರ್ಮಿನ ಮೇಲೆ ಎಲ್ಲ ಹೇಳಿಬಿಟ್ಟೆ. ತೊಟ್ಟಿಗೆ ಎಸೆದ ಬಟ್ಟೆ, ಪೊರಕೆ, ಅಕ್ಕ, ಎಲ್ಲ.

ಅವರು ಟ್ರಂಕಿನ ಮೇಲೆ ಕೂತರು. "ಅದರಿಂದ್ಲೇ ಹೋಯ್ತು ಅಂತ ನಾನ್ ಹೇಳಕ್ಕಾಗಲ್ಲ. ಅದರಿಂದ ಅಲ್ಲ ಅಂತಾನೂ ಹೇಳಕ್ಕಾಗಲ್ಲ. ಏನೂ ಮುಟ್ಟದೋರಿಗೂ ಹಿಂಗಾಗುತ್ತೆ. ಆದ್ರೆ ಬಸ್ಸಿಂದ ಆಗ್ಲಿಲ್ಲ. ಅಷ್ಟು ಮಾತ್ರ ಗ್ಯಾರಂಟಿಯಾಗಿ ಹೇಳ್ತೀನಿ. ನಿಮ್ಮಕ್ಕಂಗೆ ಹೇಳು. ಅವರತ್ತೆಗೂ ಹೇಳು."

"ಹೇಳ್ತೀನಿ ಸಿಸ್ಟರ್."

"ಯಾವಾಗ?"

"ಈ ಭಾನುವಾರ."

ಆ ಭಾನುವಾರ ಕುಣಿಗಲ್ಲಿಗೆ ಹೋದೆ. ಅಕ್ಕ ರಾಗಿ ಕೇರುತ್ತಿದ್ದಳು. ಅತ್ತೆ ಜಗಲಿಯಲ್ಲಿ ಕೂತು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು, "ನಮ್ ಸೊಸೆಗೆ ಬಸ್ಸಲ್ಲಿ ಮೆರೆಯೋ ಆಸೆ ಇತ್ತು ಕಣವ್ವ, ಮೆರೆದಳು." ಅಕ್ಕ ಮೊರ ತಟ್ಟುತ್ತಲೇ ಇದ್ದಳು. ನಾನು ಕಾಫಿ ಕುಡಿದು ಸಂಜೆ ಬಸ್ಸಿಗೆ ವಾಪಸು ಬಂದೆ. ಹಾಗೆ ಮೂರು ವರ್ಷ ಎಷ್ಟೋ ಭಾನುವಾರ ಹೋದೆ. ಪ್ರತಿ ಸಲ ಕಾಫಿ ಕುಡಿದು ಬಂದೆ. ಅಕ್ಕನಿಗೆ ಮತ್ತೆ ಬಸಿರು ನಿಲ್ಲಲಿಲ್ಲ. ತುಮಕೂರಿಗೆ ಹೋಗಿ ತೋರಿಸೋಣ ಎಂದು ಭಾವ ಕರೆದರೆ, ಬಸ್ಸು ಹತ್ತುವುದಿಲ್ಲ ಎನ್ನುತ್ತಿದ್ದಳು.

ಮೂರನೇ ವರ್ಷ ಅತ್ತೆಗೆ ಪಾರ್ಶ್ವವಾಯು ಹೊಡೆಯಿತು. ಎಂಟು ತಿಂಗಳು ಮಲಗಿದ್ದರು. ಮಗ್ಗುಲು ಬದಲಾಯಿಸಿದವಳು, ಹೇಲು ಉಚ್ಚೆ ಬಳಿದವಳು ಅಕ್ಕ. ಮಾತು ತೊದಲುತ್ತಿದ್ದರೂ ಅತ್ತೆ ಅದೊಂದನ್ನು ಬಿಡಲಿಲ್ಲವಂತೆ. ಮೊಮ್ಮಗು ಎನ್ನುವುದು, ಸೊಸೆಯ ಕಡೆ ನೋಡುವುದು. ಹಾಗೇ ತೀರಿಕೊಂಡರು.

ಅದಾಗಿ ಆರು ತಿಂಗಳಿಗೆ, ಮೊನ್ನೆ ಮೊನ್ನೆ, ಅಕ್ಕ ಕುಣಿಗಲ್ಲಿನ ಮನೆಗೆ ಬೀಗ ಹಾಕಿ ಕ್ಯಾತ್ಸಂದ್ರಕ್ಕೆ ಬಂದಳು. ಮತ್ತೆ ಆಯಾ ಕೆಲಸಕ್ಕೆ ಸೇರುತ್ತೇನೆ, ಕೇಳು ಎಂದಳು. ಆಗ ಹೇಳದೆ ವಿಧಿಯಿರಲಿಲ್ಲ. ಕೊನೆಯ ರೂಮು ಈಗಲೂ ಇದೆ. ನಾನೇ ಅದನ್ನು ಒರೆಸುವುದು. ಅವಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಎಲ್ಲ ಹೇಳಿದೆ.

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಆ ಸಿಸ್ಟರಮ್ಮ ನಿನ್ನ ಕೇಳಿದ್ಲಾ? ನಾನು ಬಸುರಿನಾ ಅಂತ?"

"ಕೇಳಿದ್ರು."

"ನೀನೇನಂದೆ?"

"ಪಿತ್ತ ಅಂದೆ."

"ನಾನೇ ತಾನೆ ಬಾಯಿ ಬಿಡ್ಬೇಡ ಅಂದಿದ್ದು." ಇನ್ನೂ ನಾಲ್ಕು ಕಾಯಿ ಸುಲಿದಳು. "ಪೊರಕೆ ಕಿತ್ಕಂಡೋಳೂ ನಾನೇ. ಅದಕ್ಕೆಲ್ಲ ನಿನ್ನ ಏನೂ ಅನ್ನಲ್ಲ. ಬಸ್ಸಿಂದ ಅಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಮೂರೂವರೆ ವರ್ಷ ಆಯ್ತು."

ಆಗ ಅವಳು ಮೊರ ಕೆಳಗಿಟ್ಟಳು.

"ಮೂರ್ ವರ್ಷ ನಮ್ಮತ್ತೆ ಅಂದಿದ್ನೆಲ್ಲ ನನ್ ಪಕ್ದಲ್ಲಿ ಕುಂತ್ಕಂಡು ಕೇಳಿಸ್ಕಂಡ್ಯಲ್ಲ. ನಾನ್ ಮಾಡಿದ್ ಕಾಫಿ ಕುಡ್ಕಂಡು. ಈಗ ಯಾರ್ಗ್ಲಾ ಹೇಳ್ಲಿ ನಾನು? ನಾನೇ ಕಳೆದೆ ಅಂದ್ಕಂಡೇ ಹೋದ್ರಲ್ಲೋ ಅವ್ರು."

ಅವಳು ಎದ್ದು ಕಾಳನ್ನು ಒಳಗೆ ತೆಗೆದುಕೊಂಡು ಹೋದಳು. ಸಂಜೆ ಸಾರು ಮಾಡಿ ಭಾವನಿಗೆ ಬಡಿಸಿದಳು, ನನಗೂ ಬಡಿಸಿದಳು. ಎರಡನೇ ಸಲ ಬೇಕಾ ಎಂದು ನನ್ನನ್ನು ಕೇಳಲಿಲ್ಲ. ಮಾರನೇ ದಿನ ನರ್ಸಿಂಗ್ ಹೋಮಿಗೆ ಹೋಗಿ ಕೆಲಸ ಕೇಳಿದಳು. ನನ್ನ ಜೊತೆ ಬರಲಿಲ್ಲ, ಅರ್ಧ ಗಂಟೆ ಮುಂಚೆ ಒಬ್ಬಳೇ ಹೋದಳು. ಬಸ್ಸಿನಲ್ಲಿ ಹೋದಳೋ ನಡೆದು ಹೋದಳೋ ನಾನು ಕೇಳಲಿಲ್ಲ.